‘ಇದನ್ನೊಂದು ಓದಿ ನೋಡಿ’ – ಕನ್ನಡದಲ್ಲಿ ಪುಸ್ತಕ ಶಿಫಾರಸಿನ ಕತೆ

ನಮ್ಮ ಆಫೀಸಿನಲ್ಲಿ ‘ರೆಕಮೆಂಡೇಶನ್’ ಅನ್ನೋ ಪದ ಕಿವಿಗೆ ಬೀಳದ ದಿನವೇ ಇಲ್ಲ. ಯಾವ ಗಿರಾಕಿಗೆ ಯಾವ ಸಾಮಾನು ತೋರಿಸಬೇಕು, ಎಷ್ಟನೇ ಸಾಲಿನಲ್ಲಿ ತೋರಿಸಬೇಕು, ತೋರಿಸಿದರೆ ಕ್ಲಿಕ್ ಮಾಡ್ತಾನಾ ಇಲ್ವಾ... ಇದನ್ನೆಲ್ಲ ಲೆಕ್ಕ ಹಾಕುವ ಕೋಡ್ ಬರೆಯುವುದು ನನ್ನ ಹೊಟ್ಟೆಪಾಡು. ಈ ವಿದ್ಯೆ ದೊಡ್ಡ ಮಟ್ಟದಲ್ಲಿ ಹೆಸರು ಮಾಡಿದ್ದು ಪುಸ್ತಕದ ವ್ಯಾಪಾರದಲ್ಲಿ. ಅಮೆಜಾನ್ ಕತೆ ನಿಮಗೆಲ್ಲ ಗೊತ್ತಿರುವುದೇ. ಅದಕ್ಕೆ ಕೊನೆಯಲ್ಲಿ ಬರೋಣ.

ನನಗೆ ಕುತೂಹಲ ಇರುವುದು ಅದಕ್ಕಿಂತ ಹಿಂದಿನ ಕತೆಯಲ್ಲಿ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಬ್ಬ ಕನ್ನಡ ಓದುಗನಿಗೆ ‘ಇದನ್ನೊಂದು ಓದಿ ನೋಡಿ’ ಅಂತ ಹೇಳುತ್ತಿದ್ದವರು ಯಾರು? ಪತ್ರಿಕೆಯ ವಿಮರ್ಶಕರು, ಕಾಲೇಜಿನ ಮೇಷ್ಟ್ರು ಅಂತ ತಕ್ಷಣ ಹೇಳಿಬಿಡಬಹುದು. ಅವರೂ ಹೌದು. ಆದರೆ ಪುಸ್ತಕ ಮಾರುವವರ ಪಾತ್ರವನ್ನು ನಾವು ಸಾಹಿತ್ಯ ಚರಿತ್ರೆಯಲ್ಲಿ ಅಡಿಟಿಪ್ಪಣಿಗೂ ಸೇರಿಸುವುದಿಲ್ಲ. ಪುಸ್ತಕ ಬರೆದವರ ಹೆಸರು ಉಳಿಯುತ್ತದೆ, ಅಚ್ಚು ಹಾಕಿದವರ ಹೆಸರು ಟೈಟಲ್ ಪೇಜಿನ ಕೆಳಗೆ ಉಳಿಯುತ್ತದೆ. ಕೈಗೆ ಕೊಟ್ಟವರ ಹೆಸರು? ಎಲ್ಲೂ ಇಲ್ಲ. ಆ ಸಾಲನ್ನು ಸ್ವಲ್ಪ ತುಂಬುವ ಪ್ರಯತ್ನ ಇದು.

ಬೆನ್ನ ಮೇಲಿನ ಅಂಗಡಿ

ಮೊದಲ ಹೆಸರು ಗಳಗನಾಥರದ್ದು. ಪೂರ್ತಿ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ (1869-1942). ಊರು ಈಗಿನ ಹಾವೇರಿ ಜಿಲ್ಲೆಯ ಗಳಗನಾಥ. ‘ಕನ್ನಡ ಕಾದಂಬರಿಯ ಪಿತಾಮಹ’ ಅಂತ ಪರೀಕ್ಷೆಗೆ ಒಂದು ಅಂಕಕ್ಕೆ ಓದಿ ಮರೆತ ಹೆಸರು. ಹೊಸ ಪುಸ್ತಕ ಅಚ್ಚಾದ ಮೇಲೆ ಅದರ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದವರು ಅವರು. ಬರೆದವರೂ ಅವರೇ, ಹಮಾಲರೂ ಅವರೇ, ಅಂಗಡಿಯೂ ಅವರೇ!

ಇದನ್ನು ಕೇಳಿದಾಗ ನಮಗೆ ಬರುವ ಮೊದಲ ಭಾವನೆ ‘ಅಯ್ಯೋ ಪಾಪ’. ಆದರೆ ಆ ಕಾಲದ ಲೆಕ್ಕ ಬೇರೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ ಸೀಮೆಯಲ್ಲಿ ಮರಾಠಿಯದೇ ದರಬಾರು. ಓದು ಬಲ್ಲ ಕನ್ನಡಿಗನ ಮನೆಯಲ್ಲೂ ಮರಾಠಿ ಪುಸ್ತಕವೇ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ್ದೇ ಈ ಪರಿಸ್ಥಿತಿಯ ವಿರುದ್ಧ. ಗಳಗನಾಥರು ಮಾಡಿದ ಉಪಾಯ ನೋಡಿ: ಜನ ಮರಾಠಿಯಲ್ಲಿ ಮುಗಿಬಿದ್ದು ಓದುತ್ತಿದ್ದ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನೇ ಕನ್ನಡಕ್ಕೆ ತಂದರು. ಜೊತೆಗೆ ‘ಮಾಧವ ಕರುಣಾ ವಿಲಾಸ’ದಂಥ ಸ್ವಂತ ಕಾದಂಬರಿ ಬರೆದರು. ಅಗಡಿಯ ಆನಂದವನದಿಂದ ಬರುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು.

ಅಂದರೆ ಆ ಗಂಟು ಬಿಚ್ಚಿದಾಗ ಅವರು ಮಾಡುತ್ತಿದ್ದ ಶಿಫಾರಸು ಎರಡು ಪದರದ್ದು. ‘ಈ ಪುಸ್ತಕ ಓದಿ’ ಅನ್ನುವುದು ಮೇಲಿನದು. ‘ಕನ್ನಡದಲ್ಲಿ ಓದಿ’ ಅನ್ನುವುದು ಒಳಗಿನದು. ಎರಡನೆಯದಕ್ಕೆ ಜಾಹೀರಾತು ಸಾಲದು. ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತು ಹೇಳಬೇಕು. ಹೇಳಿದ ಮನುಷ್ಯನ ಬೆನ್ನು ನೋಯುತ್ತಿದೆ ಅಂತ ಕೇಳುವವನಿಗೂ ಕಾಣಬೇಕು. ನನ್ನ ಪ್ರಕಾರ ಆ ಮಾತಿಗೆ ತೂಕ ಬಂದದ್ದು ಅಲ್ಲಿಂದ.

ಅಟ್ಟದ ಮೇಲಿನಿಂದ

ಎರಡನೆಯ ಕತೆಯೂ ಧಾರವಾಡದ್ದೇ. (ಬೆಂಗಳೂರಿನವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಸರದಿ ಬರುತ್ತೆ :) ) 1933ರಲ್ಲಿ ಜಿ.ಬಿ. ಜೋಶಿಯವರು, ಅಂದರೆ ನಾಟಕಕಾರ ‘ಜಡಭರತ’, ಗೆಳೆಯರ ಜೊತೆ ಸೇರಿ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಸುಭಾಸ ರಸ್ತೆಯ ಅವರ ‘ಅಟ್ಟ’ ಆಮೇಲೆ ದೊಡ್ಡ ಹೆಸರಾಯಿತು. ಅಲ್ಲಿ ಹರಟೆ, ಚಹಾ, ಜಗಳ ಮತ್ತು ಹಸ್ತಪ್ರತಿ ಎಲ್ಲವೂ ಒಟ್ಟೊಟ್ಟಿಗೆ ನಡೆಯುತ್ತಿದ್ದವು.

‘ಮಾಲೆ’ ಅನ್ನುವ ಪದವನ್ನು ನಾವು ಇವತ್ತು ಸುಮ್ಮನೆ ಓದಿಕೊಂಡು ಹೋಗುತ್ತೇವೆ. ಅದೊಂದು ವ್ಯವಹಾರದ ಮಾದರಿ. ಓದುಗ ಚಂದಾದಾರನಾಗುತ್ತಾನೆ, ಹಣ ಮೊದಲೇ ಕೊಡುತ್ತಾನೆ, ವರ್ಷದಲ್ಲಿ ಮಾಲೆಯವರು ಆರಿಸಿದ ಪುಸ್ತಕಗಳು ಅವನ ಮನೆಗೆ ಬರುತ್ತವೆ. ಯಾವ ಪುಸ್ತಕ, ಯಾರು ಬರೆದದ್ದು, ಅದು ಅವನಿಗೆ ಹಿಡಿಸುತ್ತದೋ ಇಲ್ಲವೋ... ಇದ್ಯಾವುದೂ ಹಣ ಕೊಡುವಾಗ ಗೊತ್ತಿರುವುದಿಲ್ಲ. ಅವನು ಕೊಂಡದ್ದು ಪುಸ್ತಕವನ್ನಲ್ಲ, ಇನ್ನೊಬ್ಬರ ಆಯ್ಕೆಯನ್ನು. ಸಗಟು ಶಿಫಾರಸು ಅನ್ನಬಹುದು!

ಆ ನಂಬಿಕೆಯಿಂದ ಏನಾಯಿತು ಅಂತ ನೋಡಿ. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ ಈ ಮಾಲೆಯಿಂದ ಬಂತು. ಬರೆದವರಿಗೆ ಆಗ ಇಪ್ಪತ್ಮೂರು ವರ್ಷ, ಅದು ಮೊದಲ ನಾಟಕ. ಅದೇ ವರ್ಷ ಶಾಂತಿನಾಥ ದೇಸಾಯಿಯವರ ‘ಮುಕ್ತಿ’. 1964ರಲ್ಲಿ ‘ತುಘಲಕ್’. 1965ರಲ್ಲಿ ಅನಂತಮೂರ್ತಿಯವರ ಮೊದಲ ಕಾದಂಬರಿ ‘ಸಂಸ್ಕಾರ’. 1969ರಲ್ಲಿ ಎ.ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’. ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ, ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ, ರಾಮಾನುಜನ್ ಶಿಕಾಗೋದಲ್ಲಿ. ಮಾಲೆಯ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರು ಬಹಳ ವರ್ಷ ಇಂಗ್ಲಿಷ್ ಪಾಠ ಹೇಳುತ್ತಿದ್ದದ್ದು ಗುಜರಾತಿನ ಆನಂದದಲ್ಲಿ. ಇವರನ್ನೆಲ್ಲ ಒಂದು ಗಂಟು ಹಾಕಿದ್ದು ಧಾರವಾಡದ ಒಂದು ಅಟ್ಟ.

ಈಗ ಇವೆಲ್ಲ ಶ್ರೇಷ್ಠ ಕೃತಿಗಳು, ಕಣ್ಣುಮುಚ್ಚಿ ಶಿಫಾರಸು ಮಾಡಬಹುದು. 1965ರಲ್ಲಿ ಹಾಗಿರಲಿಲ್ಲ. ಹೊಸಬರೊಬ್ಬರ ಕಾದಂಬರಿ, ಸತ್ತ ಬ್ರಾಹ್ಮಣನೊಬ್ಬನ ಹೆಣ ಯಾರು ಸುಡಬೇಕು ಅನ್ನುವ ವಸ್ತು, ಅಗ್ರಹಾರದವರಿಗೆ ಕಸಿವಿಸಿ ಮಾಡುವ ಕತೆ. ಇದನ್ನು ಮಾರುಕಟ್ಟೆಗೆ ಕೇಳಿದ್ದರೆ ಬೇಡ ಅನ್ನುತ್ತಿತ್ತೋ ಏನೋ. ಓದುಗರಿಗೆ ಕೇಳಿ ಆರಿಸಿದ ಪುಸ್ತಕ ಅದಲ್ಲ. ಓದುಗರಿಗೆ ಏನು ಕೊಡಬೇಕು ಅಂತ ಯೋಚಿಸಿ, ತಮ್ಮ ಹೆಸರನ್ನು ಪಣಕ್ಕಿಟ್ಟು ಕಳಿಸಿದ ಪುಸ್ತಕ.

ಕೊನೆ ಪುಟದ ಷರಾ

ಇಲ್ಲಿಯವರೆಗೆ ಹೇಳಿದ್ದು ಮೇಲಿನಿಂದ ಕೆಳಗೆ ಬಂದ ಶಿಫಾರಸು. ಓದುಗರು ಓದುಗರಿಗೆ ಮಾಡಿದ ಶಿಫಾರಸಿನ ಕತೆ ಇನ್ನೂ ಮಜಾ ಇದೆ. ಅದು ನಡೆದದ್ದು ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ.

ನಮ್ಮ ಪೀಳಿಗೆಯವರು ಇದನ್ನು ನೋಡಿದ್ದು ಕಡಿಮೆ. ನಮ್ಮಮ್ಮನ ಕಾಲದವರನ್ನು ಕೇಳಿದರೆ ಕಣ್ಣರಳಿಸಿ ಹೇಳುತ್ತಾರೆ. ಬೆಂಗಳೂರು, ಮೈಸೂರು, ದಾವಣಗೆರೆ ಅಂಥ ಊರುಗಳಲ್ಲಿ ಬಡಾವಣೆಗೊಂದು. ಹತ್ತಡಿ ಅಗಲದ ಅಂಗಡಿ, ಡಿಪಾಸಿಟ್ಟು ಇಷ್ಟು, ದಿನದ ಬಾಡಿಗೆ ಇಷ್ಟು, ರಟ್ಟು ಹಾಕಿ ಹೊಲಿದ ಕಾದಂಬರಿಗಳು. ಅ.ನ.ಕೃ., ತ.ರಾ.ಸು., ತ್ರಿವೇಣಿ, ಎಂ.ಕೆ. ಇಂದಿರಾ, ಆಮೇಲೆ ಉಷಾ ನವರತ್ನರಾಂ, ಸಾಯಿಸುತೆ, ಕನ್ನಡಕ್ಕೆ ಬಂದ ಯಂಡಮೂರಿ. ಓದುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಮಧ್ಯಾಹ್ನ ಅಡಿಗೆ ಮನೆ ಕೆಲಸ ಮುಗಿದ ಮೇಲಿನ ಎರಡು ಗಂಟೆ ಅವರದ್ದು.

ಆ ಪುಸ್ತಕಗಳ ಕೊನೆ ಪುಟ ನೋಡಿದ್ದೀರಾ? ಹಳೆ ಪುಸ್ತಕದ ಅಂಗಡಿಯಲ್ಲಿ ಇವತ್ತಿಗೂ ಸಿಗುತ್ತವೆ. ‘ತುಂಬಾ ಚೆನ್ನಾಗಿದೆ’, ‘ಎಲ್ಲರೂ ಓದಲೇಬೇಕು’ ಅಂತ ಪೆನ್ಸಿಲಿನಲ್ಲಿ ಒಬ್ಬರು. ಕೆಳಗೆ ‘ಬೋರು’ ಅಂತ ಇನ್ನೊಬ್ಬರು. ‘ಬೋರು ಅಂದವರಿಗೆ ಹೃದಯವಿಲ್ಲ’ ಅಂತ ಮೂರನೆಯವರು! ಕತೆಯ ಕೊನೆಯನ್ನು ಮೊದಲ ಪುಟದಲ್ಲೇ ಬರೆದಿಟ್ಟ ಪಾಪಿಗಳೂ ಇದ್ದರು. ಹೆಸರಿಲ್ಲ, ಊರಿಲ್ಲ, ಸ್ಟಾರ್ ರೇಟಿಂಗ್ ಇಲ್ಲ. ನಾವು ರಿವ್ಯೂ ಅಂತ ಇವತ್ತು ಕರೆಯುವ ವಸ್ತು ಕನ್ನಡದಲ್ಲಿ ಮೊದಲು ಹುಟ್ಟಿದ್ದು ಆ ಪುಟಗಳಲ್ಲೇ ಇರಬೇಕು.

ಲೈಬ್ರರಿ ಇಟ್ಟವನಿಗೆ ಅದಕ್ಕಿಂತ ಒಳ್ಳೆಯ ಡೇಟಾ ಇರುತ್ತಿತ್ತು. ಯಾವ ಪುಸ್ತಕದ ರಟ್ಟು ಮೊದಲು ಕಿತ್ತುಬರುತ್ತದೆ, ಯಾವುದರ ಮೂಲೆ ಎಣ್ಣೆಕೈಯಲ್ಲಿ ಹಳದಿಯಾಗಿದೆ, ಯಾವುದಕ್ಕೆ ಜನ ಕಾಯುತ್ತಾರೆ. ಎದುರಿಗೆ ಬಂದವರಿಗೆ ಅವನು ಕೈಯೆತ್ತಿ ಕೊಡುತ್ತಿದ್ದ ಪುಸ್ತಕದ ಹಿಂದೆ ಇಡೀ ಬೀದಿಯ ಓದಿನ ಲೆಕ್ಕ ಇರುತ್ತಿತ್ತು.

‘ಜನಪ್ರಿಯ’ ಅಂತ ವಿಮರ್ಶಕರು ಪಕ್ಕಕ್ಕಿಟ್ಟ ತ್ರಿವೇಣಿಯವರ ಓದುಗರು ಬೆಳೆದದ್ದು ಹೀಗೆ, ಕೈಯಿಂದ ಕೈಗೆ. ಅವರು ತೀರಿಕೊಂಡದ್ದು 1963ರಲ್ಲಿ, ಇನ್ನೂ ಚಿಕ್ಕ ವಯಸ್ಸು. ಅವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದು 1967ರಲ್ಲಿ, ‘ಶರಪಂಜರ’ ತೆರೆಗೆ ಬಂದದ್ದು ಅದಾದ ಮೇಲೆ. ಸಿನಿಮಾ ಬರುವ ಮೊದಲೇ ಅವರನ್ನು ಮನೆ ಮನೆಗೆ ಮುಟ್ಟಿಸಿದವರಲ್ಲಿ ಪಕ್ಕದ ಮನೆಯ ಓದುಗಿತ್ತಿಯ ಪಾಲು ದೊಡ್ಡದು. ಟಿವಿ ಬಂತು, ಮಧ್ಯಾಹ್ನದ ಆ ಎರಡು ಗಂಟೆ ಧಾರಾವಾಹಿಗೆ ಹೋಯಿತು, ಲೈಬ್ರರಿಗಳು ಒಂದೊಂದಾಗಿ ಮುಚ್ಚಿದವು. ಪುಸ್ತಕಗಳು ಕಿಲೋ ಲೆಕ್ಕದಲ್ಲಿ ಹೋದವು. ಷರಾಗಳೂ ಜೊತೆಗೇ ಹೋದವು.

ಮಂಗಳೂರಿನ ಅತ್ರಿ

ಧಾರವಾಡದಿಂದ ಕರಾವಳಿಗೆ ಇಳಿಯೋಣ. 1975ರಲ್ಲಿ ಮಂಗಳೂರಿನಲ್ಲಿ ಜಿ.ಎನ್. ಅಶೋಕವರ್ಧನರು ‘ಅತ್ರಿ ಬುಕ್ ಸೆಂಟರ್’ ತೆರೆದರು. ವಿಜ್ಞಾನ ಲೇಖಕ ಜಿ.ಟಿ. ನಾರಾಯಣ ರಾವ್ ಅವರ ಮಗ. ಬೆಟ್ಟ ಗುಡ್ಡ ಗುಹೆ ಹತ್ತಿಳಿಯುವ ಸಾಹಸಿ. ಅದಕ್ಕಿಂತ ಹೆಚ್ಚಾಗಿ, ಪುಸ್ತಕ ವ್ಯಾಪಾರದ ಬಗ್ಗೆ ವ್ಯಾಪಾರಿಯಾಗಿಯೇ ನಿಂತು ಯೋಚಿಸಿ ಬರೆದ ಅಪರೂಪದ ಕನ್ನಡಿಗ. ಅವರ ‘ಪುಸ್ತಕ ಮಾರಾಟ ಹೋರಾಟ’ದ ಶೀರ್ಷಿಕೆಯೇ ಎಲ್ಲ ಹೇಳುತ್ತದೆ.

ಅವರ ಹೋರಾಟದ ಒಂದು ಎಳೆ ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟದ್ದು: ಸರ್ಕಾರದ ಸಗಟು ಖರೀದಿ. ಸಾರ್ವಜನಿಕ ಗ್ರಂಥಾಲಯಗಳಿಗೆ ಅಂತ ಇಲಾಖೆ ಪ್ರಕಾಶಕರಿಂದ ಪ್ರತಿಗಳನ್ನು ಒಟ್ಟಿಗೆ ಕೊಳ್ಳುತ್ತದೆ. ಉದ್ದೇಶ ಒಳ್ಳೆಯದೇ. ಅಂಗಡಿ ಇಲ್ಲದ ಊರಿಗೂ ಪುಸ್ತಕ ತಲುಪಲಿ, ಕನ್ನಡದ ಪ್ರಕಾಶಕ ಮುಳುಗದಿರಲಿ. ಆದರೆ ಅಡ್ಡಪರಿಣಾಮ ಗಮನಿಸಿ. ಹಾಕಿದ ಬಂಡವಾಳ ಇಲಾಖೆಯಿಂದಲೇ ವಾಪಸ್ ಬರುವುದಾದರೆ, ಪುಸ್ತಕ ಅಂಗಡಿಗೆ ಬಂದರೇನು ಬಿಟ್ಟರೇನು? ಓದುಗನಿಗೆ ಹಿಡಿಸಿದರೇನು ಬಿಟ್ಟರೇನು? ಓದುಗನ ಕೈಗೆ ಮುಟ್ಟಿಸುವ ಜರೂರತ್ತೇ ಇಲ್ಲದ ಪುಸ್ತಕಗಳು ಅಚ್ಚಾಗತೊಡಗುತ್ತವೆ. ಅಂಥ ಪುಸ್ತಕಕ್ಕೆ ಶಿಫಾರಸು ಮಾಡುವವನು ಬೇಕಿಲ್ಲ, ವಶೀಲಿ ಮಾಡುವವನು ಸಾಕು. ಕನ್ನಡದಲ್ಲಿ ಪುಸ್ತಕದಂಗಡಿಯವನ ಮಾತಿನ ಬೆಲೆ ಇಳಿದದ್ದಕ್ಕೆ ಇಂಟರ್ನೆಟ್ಟನ್ನು ಬೈಯುವ ಮೊದಲು ಇದನ್ನೂ ನೆನೆಯಬೇಕು. ಇಂಟರ್ನೆಟ್ಟು ಬರುವ ಎಷ್ಟೋ ಮೊದಲಿನ ರೋಗ ಇದು.

ಮೂವತ್ತಾರು ವರ್ಷಕ್ಕೂ ಹೆಚ್ಚು ಕಾಲ ನಡೆದ ಅತ್ರಿ 2012ರಲ್ಲಿ ಮುಚ್ಚಿತು. ಮುಚ್ಚಿದಾಗ ಅದು ಕರಾವಳಿಯ ಓದುಗರಿಗೆ ಮನೆಮಂದಿ ಊರು ಬಿಟ್ಟ ಹಾಗೆ ಆಗಿತ್ತು ಅಂತ ಮಂಗಳೂರಿನ ಗೆಳೆಯರು ಈಗಲೂ ಹೇಳುತ್ತಾರೆ.

ಮ್ಯೂಸಿಯಂ ರೋಡಿನ ಗುಡ್ಡೆ

ಬೆಂಗಳೂರಿನವರೇ, ನಿಮ್ಮ ಸರದಿ ಬಂತು. ಪ್ರೀಮಿಯರ್ ಬುಕ್ ಶಾಪ್, ಚರ್ಚ್ ಸ್ಟ್ರೀಟ್ ಹತ್ತಿರ, ಮ್ಯೂಸಿಯಂ ರೋಡು. 1971ರಲ್ಲಿ ಟಿ.ಎಸ್. ಶಾನಭಾಗರು ತೆರೆದದ್ದು. ಇವರ ಚಿಕ್ಕಪ್ಪನ ವರಸೆಯ ಟಿ.ಎನ್. ಶಾನಭಾಗರು ಮುಂಬಯಿಯಲ್ಲಿ 1948ರಲ್ಲಿ ಸ್ಟ್ರಾಂಡ್ ಬುಕ್ ಸ್ಟಾಲ್ ಶುರು ಮಾಡಿ, 2003ರಲ್ಲಿ ಪದ್ಮಶ್ರೀ ಪಡೆದವರು. ಪ್ರೀಮಿಯರ್‌ನಲ್ಲಿ ಮಾರುತ್ತಿದ್ದದ್ದು ಮುಖ್ಯವಾಗಿ ಇಂಗ್ಲಿಷ್ ಪುಸ್ತಕ. ಆದರೂ ಈ ಕತೆಯಲ್ಲಿ ಅವರಿಗೆ ಜಾಗ ಇದೆ, ಯಾಕೆಂದರೆ ಕನ್ನಡದಲ್ಲಿ ಬರೆಯುವ ಎಷ್ಟೋ ಮಂದಿ ಹೊರಗಿನ ಸಾಹಿತ್ಯ ಓದಿದ್ದು ಇಂಥ ಅಂಗಡಿಗಳಿಂದ.

ನಾನು ಅದನ್ನು ಕಂಡಿಲ್ಲ. 2009ರಲ್ಲಿ ಅದು ಮುಚ್ಚಿದಾಗ ನಾನಿನ್ನೂ ಸ್ಕೂಲಿನಲ್ಲಿದ್ದೆ. ಕಂಡವರೆಲ್ಲ ಹೇಳುವುದು ಒಂದೇ: ಸಣ್ಣ ಅಂಗಡಿ, ನೆಲದಿಂದ ತಲೆಯೆತ್ತರಕ್ಕೆ ಪುಸ್ತಕದ ಗುಡ್ಡೆ, ಒಂದೆಳೆದರೆ ಹತ್ತು ಬೀಳುವ ಭಯ. ಆದರೆ ಯಾವ ಪುಸ್ತಕ ಯಾವ ಗುಡ್ಡೆಯ ಎಷ್ಟನೇ ಪದರದಲ್ಲಿದೆ ಅಂತ ಶಾನಭಾಗರಿಗೆ ಗೊತ್ತು. (ಇಂಡೆಕ್ಸಿಂಗ್ ಅಂದರೆ ಇದಪ್ಪಾ!) ಅದಕ್ಕಿಂತ ಮುಖ್ಯವಾಗಿ, ಯಾವ ಗಿರಾಕಿ ಏನು ಓದುತ್ತಾನೆ ಅಂತ ಗೊತ್ತು. ಹೊಸ ಪುಸ್ತಕ ಬಂದರೆ ಅವನಿಗಾಗಿ ತೆಗೆದಿಡುತ್ತಿದ್ದರು. ರಾಮಚಂದ್ರ ಗುಹಾ ಅವರಂಥ ಇತಿಹಾಸಕಾರರು ಅವರ ಬಗ್ಗೆ ಪ್ರೀತಿಯಿಂದ ಮತ್ತೆ ಮತ್ತೆ ಬರೆದಿದ್ದಾರೆ. 2021ರ ಮೇ ತಿಂಗಳಲ್ಲಿ ಕೋವಿಡ್ ಶಾನಭಾಗರನ್ನು ಕರೆದುಕೊಂಡಿತು. ಅಂಗಡಿ ಮುಚ್ಚಿ ಹನ್ನೆರಡು ವರ್ಷವಾಗಿದ್ದರೂ ಆ ದಿನ ಊರಿಗೆ ಊರೇ ಅವರು ಕೊಟ್ಟ ಪುಸ್ತಕಗಳನ್ನು ನೆನಪಿಸಿಕೊಂಡಿತು.

ಇನ್ನು ಯಂತ್ರದ ಮಾತು

ಅಮೆಜಾನ್ 1995ರಲ್ಲಿ ಬಾಗಿಲು ತೆರೆದ ಮೇಲಿನ ಮೊದಮೊದಲ ವರ್ಷಗಳಲ್ಲಿ ಅಲ್ಲಿ ಪುಸ್ತಕ ಓದಿ ಶಿಫಾರಸು ಬರೆಯಲು ಸಂಬಳ ಕೊಟ್ಟು ಸಂಪಾದಕರನ್ನೇ ಇಟ್ಟಿದ್ದರು! ಅವರಲ್ಲೊಬ್ಬರಾದ ಜೇಮ್ಸ್ ಮಾರ್ಕಸ್ 2004ರಲ್ಲಿ ಆ ದಿನಗಳ ಬಗ್ಗೆ ಪುಸ್ತಕವನ್ನೇ ಬರೆದರು. ಕೆಲವೇ ವರ್ಷದಲ್ಲಿ ಆ ಸಂಪಾದಕರ ಜಾಗಕ್ಕೆ ಲೆಕ್ಕ ಬಂತು. ಅದರ ತಂತ್ರವನ್ನು ಅಲ್ಲಿನ ಎಂಜಿನಿಯರುಗಳು 2003ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ನಮ್ಮ ಕಸುಬಿನವರಿಗೆ ಅದು ಪಠ್ಯದ ಹಾಗೆ. ಸುಲಭವಾಗಿ ಹೇಳಬೇಕೆಂದರೆ: ‘ಕಾನೂರು ಹೆಗ್ಗಡಿತಿ’ ಕೊಂಡವರಲ್ಲಿ ಬಹಳ ಜನ ‘ಮಲೆಗಳಲ್ಲಿ ಮದುಮಗಳು’ ಕೊಂಡಿದ್ದರೆ, ಅವೆರಡು ಹತ್ತಿರದ ನೆಂಟರು. ಒಂದನ್ನು ಕೊಂಡವನಿಗೆ ಇನ್ನೊಂದನ್ನು ತೋರಿಸು. ಪುಸ್ತಕದೊಳಗೆ ಏನಿದೆ ಅಂತ ಯಂತ್ರಕ್ಕೆ ತಿಳಿಯಬೇಕಾಗಿಲ್ಲ.

ನಮ್ಮೂರಿನಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್ ಶುರುವಾದದ್ದೂ ಪುಸ್ತಕದಿಂದಲೇ. ಅದನ್ನು ಕಟ್ಟಿದವರು ಮೊದಮೊದಲು ಬೆಂಗಳೂರಿನ ಪುಸ್ತಕದಂಗಡಿಯ ಹೊರಗೆ ನಿಂತು ಬಂದವರಿಗೆ ಬುಕ್‌ಮಾರ್ಕ್ ಹಂಚುತ್ತಿದ್ದರಂತೆ. ಓದುಗರು ಎಲ್ಲಿ ಸಿಗುತ್ತಾರೆ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು!

ಯಂತ್ರ ಕೆಟ್ಟದ್ದು ಅಂತ ನಾನು ಹೇಳಲಾರೆ, ಅದರ ಅನ್ನ ತಿನ್ನುವವನು. ಅಂಗಡಿಯೇ ಇಲ್ಲದ ತಾಲ್ಲೂಕಿನ ಹುಡುಗಿಗೆ ಮೂರು ದಿನದಲ್ಲಿ ಪುಸ್ತಕ ಮುಟ್ಟುತ್ತಿದೆ. ಸಣ್ಣ ಮಾತಲ್ಲ ಅದು. ಆದರೆ ನಮ್ಮ ಕಸುಬಿನಲ್ಲಿ ‘ಕೋಲ್ಡ್ ಸ್ಟಾರ್ಟ್’ ಅಂತ ಒಂದು ಹಳೆಯ ತಲೆನೋವಿದೆ. ಯಾರೂ ಇನ್ನೂ ಕೊಳ್ಳದ ವಸ್ತುವಿನ ಬಗ್ಗೆ ಇಂಥ ಯಂತ್ರಕ್ಕೆ ಹೇಳಲು ಏನೂ ಇರುವುದಿಲ್ಲ. ಮೊದಲು ಮಾರಾಟವಾಗಬೇಕು, ಆಮೇಲೆ ಶಿಫಾರಸು. ಲಕ್ಷಗಟ್ಟಲೆ ಮಾರುವ ಇಂಗ್ಲಿಷ್ ಪುಸ್ತಕಕ್ಕೆ ಈ ಕಷ್ಟ ಬೇಗ ಕಳೆಯುತ್ತದೆ. ಐನೂರೋ ಸಾವಿರವೋ ಪ್ರತಿ ಅಚ್ಚಾಗುವ ಕನ್ನಡ ಪುಸ್ತಕ ಇಡೀ ಜೀವಮಾನ ಕೋಲ್ಡ್ ಸ್ಟಾರ್ಟಿನಲ್ಲೇ ಕಳೆದುಬಿಡಬಹುದು.

ಈಗ ಹಿಂದಿನ ಕತೆಗಳನ್ನು ಮತ್ತೆ ನೋಡಿ. ಗಳಗನಾಥರ ಗಂಟು, ಅಟ್ಟದ ಆಯ್ಕೆ, ಶಾನಭಾಗರು ತೆಗೆದಿಟ್ಟ ಪುಸ್ತಕ... ಎಲ್ಲದರಲ್ಲೂ ಶಿಫಾರಸು ಮೊದಲು, ಮಾರಾಟ ಆಮೇಲೆ. ‘ಯಯಾತಿ’ಗೆ 1961ರಲ್ಲಿ ಡೇಟಾ ಇರಲಿಲ್ಲ. ಓದಿ, ಮೆಚ್ಚಿ, ಕೈಯಿಂದ ದುಡ್ಡು ಹಾಕಿದ ಇಬ್ಬರು ಮೂವರಿದ್ದರು. ಮಾತು ಸುಳ್ಳಾದರೆ ನಷ್ಟ ಅವರದ್ದು, ಹೆಸರು ಕೆಡುವುದೂ ಅವರದ್ದೇ.

ಇನ್ನೊಂದು ಸಣ್ಣ ವ್ಯತ್ಯಾಸ. ಒಳ್ಳೆಯ ಅಂಗಡಿಯವರು ಕೆಲವೊಮ್ಮೆ ‘ಇದು ನಿಮಗೆ ಬೇಡ ಸರ್’ ಅಂತಾರೆ. ಬರುವ ದುಡ್ಡನ್ನು ಬಿಟ್ಟು ಹೇಳುವ ಆ ಒಂದು ಮಾತಿನಿಂದ ಮುಂದಿನ ಹತ್ತು ವರ್ಷದ ‘ಇದನ್ನು ಓದಿ’ಗೆ ಬೆಲೆ ಬರುತ್ತದೆ. ‘ಬೇಡ’ ಅನ್ನುವ ಕೋಡ್ ಬರೆಯಲು ನನಗೆ ಇಲ್ಲಿಯವರೆಗೆ ಯಾವ ಮ್ಯಾನೇಜರೂ ಹೇಳಿಲ್ಲ :)

ಅಂಗಡಿಗಳು ಮುಚ್ಚಿದ ಮೇಲೆ ಆ ಕೆಲಸದ ಒಂದು ಪಾಲು, ಕೇಳದೆಯೇ, ನಮ್ಮಂಥ ಬರೆಯುವವರ ಪಾಲಿಗೆ ಬಂದಿದೆ. ಆದರೆ ನಾವು ಅದನ್ನು ಪುಕ್ಕಟೆ ಮಾಡುತ್ತಿದ್ದೇವೆ. ಗೆಳೆಯರ ಪುಸ್ತಕ ಬಿಡುಗಡೆಯಾದರೆ ಓದುವ ಮೊದಲೇ ‘ಅದ್ಭುತ’ ಅಂತ ಬರೆದುಬಿಡುತ್ತೇವೆ, ಬೆನ್ನಿಗೆ ಭಾರ ಬೀಳದ ಹಾಗೆ. ಅದಕ್ಕೇ ಒಂದು ವಿನಂತಿ. ಈ ವರ್ಷ ನಿಮ್ಮದೇ ದುಡ್ಡು ಕೊಟ್ಟು ಹೊಸಬರೊಬ್ಬರ ಒಂದು ಕನ್ನಡ ಪುಸ್ತಕ ಕೊಳ್ಳಿ, ಪೂರ್ತಿ ಓದಿ. ಚೆನ್ನಾಗಿದ್ದರೆ ಇಂಥವರಿಗೆ ಹಿಡಿಸುತ್ತೆ, ಇಂಥವರಿಗೆ ಬೇಡ ಅಂತ ಎರಡನ್ನೂ ಬರೆಯಿರಿ. ಆಗುವುದಾದರೆ ನಿಮ್ಮೂರಿನಲ್ಲಿ ಉಳಿದಿರುವ ಅಂಗಡಿಯಿಂದಲೇ ಕೊಳ್ಳಿ, ‘ಏನ್ ಸ್ವಾಮಿ, ಹೊಸದು ಏನ್ ಓದಿದ್ರಿ?’ ಅಂತ ಅವರನ್ನೊಮ್ಮೆ ಕೇಳಿ. ಹೇಳಲು ಬಹಳ ಇರುತ್ತದೆ ಅವರ ಹತ್ತಿರ, ಕೇಳುವವರು ಕಡಿಮೆಯಾಗಿದ್ದಾರೆ ಅಷ್ಟೇ.